ಮರಿಯ ಮೂಗಿನ ಬಟಾಣಿ

ಮಕ್ಕಳಿಗೆ ಬೇಸಿಗೆ ರಜೆ ಬಿಟ್ಟ ದಿನ ಆಕೆ ಅಂಗಡಿಯ ಯಜಮಾನರ ಮುಂದೆ ನಿಂತು, ಎರಡು ತಿಂಗಳು ಮನೆಯಲ್ಲೇ ಕೂತು ಕೆಲಸ ಮಾಡುತ್ತೇನೆ, ದಯವಿಟ್ಟು ಒಪ್ಪಿಕೊಳ್ಳಿ ಎಂದು ಕೇಳಿದಳು. ಅದು ಕನ್ನಡಕದ ಅಂಗಡಿ. ಫ್ರೇಮಿಗೆ ಗಾಜು ಕೂರಿಸುವುದು, ಸಡಿಲವಾದ ಕಡ್ಡಿ ಬಿಗಿ ಮಾಡುವುದು, ಮೇಲೆ ಕೂತು ಸೊಟ್ಟಗೆ ಮಾಡಿಕೊಂಡು ಬಂದವರ ಕನ್ನಡಕ ನೆಟ್ಟಗೆ ಮಾಡುವುದು, ಇವೇ ಆಕೆಯ ಹದಿನಾಲ್ಕು ವರ್ಷದ ಕೆಲಸ. ಒಂದು ದಿನ ತಡವಾಗಿ ಬಂದವಳಲ್ಲ, ಬೇಗ ಹೋದವಳಲ್ಲ.

ಯಜಮಾನರು ತಮ್ಮ ಕನ್ನಡಕ ಹಣೆಗೇರಿಸಿ ಆಕೆಯನ್ನು ನೋಡಿದರು. "ಇಷ್ಟು ವರ್ಷದಲ್ಲಿ ನೀನು ಬಾಯಿಬಿಟ್ಟು ಕೇಳಿದ್ದು ಇದೊಂದೇ ಕಣಮ್ಮ. ಇಲ್ಲ ಅಂದ್ರೆ ನನಗೇ ನಾಚಿಕೆ ಆಗುತ್ತೆ. ರಿಪೇರಿ ಡಬ್ಬಿ ತಗೊಂಡು ಹೋಗು. ವಾರಕ್ಕೆರಡು ಸಲ ಮುಖ ತೋರಿಸು, ಸಾಕು."

ಹಾಗೆ ಒಂದು ತಗಡಿನ ಡಬ್ಬಿ ತುಂಬ ಮುರಿದ ಕನ್ನಡಕಗಳು ಮನೆಗೆ ಬಂದವು. ಕಿಟಕಿಯ ಪಕ್ಕ ಒಂದು ಮೇಜು, ಮೇಜಿನ ಮೇಲೆ ಚಿಮಟ, ಸೂಜಿಯಂಥ ಸ್ಕ್ರೂಡ್ರೈವರುಗಳು, ಸಾಸಿವೆಗಿಂತ ಚಿಕ್ಕ ಸ್ಕ್ರೂಗಳಿದ್ದ ಬಟ್ಟಲು. ಆ ಮೇಜನ್ನು ಯಾರೂ ಮುಟ್ಟಕೂಡದು. ಈ ಮನೆಯಲ್ಲಿ ಆಕೆ ಮಾಡಿದ ಕಾನೂನು ಇದೊಂದೇ. ಉಳಿದ ಕಾನೂನುಗಳೆಲ್ಲ ಆಕೆ ಬರುವ ಮೊದಲೇ ಇದ್ದವು.

ಮದುವೆಯಾಗಿ ಆಗ ಐದು ತಿಂಗಳು. ಆಕೆಗೆ ಮೂವತ್ತೆಂಟು, ಮೊದಲ ಮದುವೆ. ಗಂಡನಿಗೆ ಎರಡನೆಯದು. ಅವನು ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳಲ್ಲಿ ಲಿಫ್ಟು ಕೆಟ್ಟು ನಿಂತರೆ ಜನ ದೇವರಿಗಿಂತ ಮೊದಲು ಅವನನ್ನು ನೆನೆಯುತ್ತಿದ್ದರು. ಮೊದಲ ಹೆಂಡತಿ ಕಾಯಿಲೆ ಬಿದ್ದು ತೀರಿಕೊಂಡು ಎರಡು ವರ್ಷವಾಗಿತ್ತು. ಇಬ್ಬರು ಮಕ್ಕಳು. ದೊಡ್ಡವಳಿಗೆ ಎಂಟು, ಚಿಕ್ಕವನಿಗೆ ನಾಲ್ಕೂವರೆ. ದೊಡ್ಡವಳು ಕಂಡಕಂಡವರಿಗೆಲ್ಲ ಪಾಠ ಹೇಳುತ್ತಿದ್ದಳಾದ್ದರಿಂದ ಅವಳ ಅಪ್ಪ ಅವಳನ್ನು ಕರೆಯುತ್ತಿದ್ದದ್ದೇ "ಟೀಚರಮ್ಮ" ಎಂದು. ಚಿಕ್ಕವನು ಎಲ್ಲರಿಗೂ ಮರಿ.

ಈ ಸಂಸಾರದ ಪರಿಚಯವಾದದ್ದೂ ಕನ್ನಡಕದಿಂದಲೇ. ಟೀಚರಮ್ಮನಿಗೆ ಬೋರ್ಡಿನ ಮೇಲಿನ ಅಕ್ಷರ ಕಾಣುತ್ತಿಲ್ಲವೆಂದು ಅಪ್ಪ ಅವಳನ್ನು ಅಂಗಡಿಗೆ ಕರೆತಂದಿದ್ದ. ಹೊಸ ಕನ್ನಡಕ ಜಾರುತ್ತದೆ ಎಂದು ಒಮ್ಮೆ ಬಂದರು, ಕಿವಿ ಒತ್ತುತ್ತದೆ ಎಂದು ಇನ್ನೊಮ್ಮೆ, ಕಡ್ಡಿ ಸಡಿಲ ಎಂದು ಮತ್ತೊಮ್ಮೆ. ನಾಲ್ಕನೆಯ ಸಲ ಅಪ್ಪ ಒಬ್ಬನೇ ಬಂದ. ಕನ್ನಡಕಕ್ಕೆ ಏನೂ ಆಗಿರಲಿಲ್ಲ. ಕನ್ನಡಕವನ್ನೇ ತಂದಿರಲಿಲ್ಲ.

ಹಾಗಾಗಿ ಮಕ್ಕಳಿಗೆ ಆಕೆ ಮೊದಲಿನಿಂದಲೂ "ಕನ್ನಡಕದ ಆಂಟಿ." ಮದುವೆಯಾದ ಮೇಲೂ ಹೆಸರು ಬದಲಾಗಲಿಲ್ಲ, ಆಕೆಯೂ ಬದಲಾಯಿಸಿ ಎನ್ನಲಿಲ್ಲ. ಮರಿ ಮೊದಲ ದಿನವೇ ಆಕೆಯ ತೊಡೆಯೇರಿ ಕೂತು "ನೀನು ಇಲ್ಲೇ ಮಲಗ್ತೀಯಾ? ನಿಂಗೆ ಗೊರಕೆ ಬರುತ್ತಾ?" ಎಂದು ವಿಚಾರಣೆ ನಡೆಸಿ ಪಾಸು ಮಾಡಿದ್ದ. ಟೀಚರಮ್ಮ ಮಾತ್ರ "ನೀವು", "ಬನ್ನಿ", "ತಗೊಳ್ಳಿ" ಎಂದು, ಮನೆಗೆ ಬಂದ ನೆಂಟರೊಡನೆ ಮಾತಾಡುವಂತೆ ಮಾತಾಡುತ್ತಿದ್ದಳು. ಒರಟು ಮಾತಿಲ್ಲ, ಸಿಟ್ಟಿಲ್ಲ. ಆದರೆ ದಿನಕ್ಕೆ ಹತ್ತು ಸಲವಾದರೂ ಒಂದು ಮಾತು ಬಂದೇ ಬರುತ್ತಿತ್ತು: "ನಮ್ಮಮ್ಮ ಹಾಗೆ ಮಾಡ್ತಿರ್ಲಿಲ್ಲ."

ಬ್ರೆಡ್ಡನ್ನು ಚೌಕಾಕಾರ ಕತ್ತರಿಸಿದರೆ, "ನಮ್ಮಮ್ಮ ಮೂಲೆಯಿಂದ ಮೂಲೆಗೆ ಕತ್ತರಿಸ್ತಿದ್ಳು." ಟವೆಲು ಹೊರಗೆ ಒಣಹಾಕಿದರೆ, "ನಮ್ಮಮ್ಮ ಬಣ್ಣದ್ದನ್ನ ನೆರಳಲ್ಲಿ ಹಾಕ್ತಿದ್ಳು." ಮಧ್ಯಾಹ್ನ ಕಿಟಕಿ ತೆರೆದರೆ, "ಹತ್ತು ಗಂಟೆಗೇ ಮುಚ್ಚಿ ಪರದೆಗೆ ನೀರು ಚಿಮುಕಿಸ್ಬೇಕು. ಆವಾಗ ಮನೆ ತಣ್ಣಗಿರುತ್ತೆ. ನಮ್ಮಮ್ಮ ಹಾಗೇ ಮಾಡ್ತಿದ್ಳು."

ಮೊದಮೊದಲು ಈ ಮಾತು ಆಕೆಗೆ ಉಗುರಿನ ಸಂದಿಗೆ ಮುಳ್ಳು ಹೊಕ್ಕಂತೆ ಚುಚ್ಚುತ್ತಿತ್ತು. ಒಂದು ದಿನ ತಡೆಯಲಾರದೆ ಗಂಡನ ಮುಂದೆ ಹೇಳಿಕೊಂಡಳು. ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಅವಳು ನಂಗೂ ಹಾಗೇ ಹೇಳ್ತಾಳೆ ಕಣೇ. ನಾನು ಶರ್ಟು ಮಡಚೋದೂ ಸರಿ ಇಲ್ವಂತೆ" ಎಂದ. ಆಕೆಗೆ ನಗು ಬಂತು. ಆದರೂ ಪರದೆಗೆ ನೀರು ಚಿಮುಕಿಸಿ ನೋಡಿದಳು. ಮನೆ ನಿಜವಾಗಿ ತಣ್ಣಗಾಯಿತು. ಆ ಬೇಸಿಗೆ ಅಷ್ಟು ಉರಿಯಿತ್ತು. ಬೆಳಗ್ಗೆ ಎಂಟಕ್ಕೇ ಮೆಟ್ಟಿಲು ಕಾಲು ಸುಡುತ್ತಿತ್ತು. ನಲ್ಲಿ ತಿರುಗಿಸಿದರೆ ಮೊದಲೈದು ನಿಮಿಷ ಬಿಸಿನೀರೇ ಬರುತ್ತಿತ್ತು.

ರಜೆಯ ದಿನಗಳಿಗೆ ಬೇಗನೆ ಒಂದು ಕ್ರಮ ಬಂತು. ಬೆಳಗ್ಗೆ ಬಿಸಿಲೇರುವ ಮೊದಲು ಹಿಂದಿನ ಅಂಗಳದಲ್ಲಿ ಬಟ್ಟೆ ನೆನೆಸುವ ದೊಡ್ಡ ಟಬ್ಬಿಗೆ ನೀರು ತುಂಬಿ ಮರಿಯನ್ನು ಬಿಡುವುದು. ಅವನು ಚರ್ಮ ಸುಕ್ಕುಗಟ್ಟುವವರೆಗೆ ಏಳುತ್ತಿರಲಿಲ್ಲ. ಟೀಚರಮ್ಮ ಟಬ್ಬಿನ ಪಕ್ಕ ಕುರ್ಚಿ ಹಾಕಿಕೊಂಡು ಪುಸ್ತಕ ಓದುವಳು, ನೀರು ಸಿಡಿದರೆ ಗದರುವಳು. ಆಮೇಲೆ ತಿಂಡಿ, ಆಮೇಲೆ ಕಿಟಕಿ ಮುಚ್ಚುವುದು, ಆಮೇಲೆ ಆಕೆ ಮೇಜಿಗೆ ಕೂತರೆ ಮಕ್ಕಳು ನೆಲದ ಮೇಲೆ. ಮಧ್ಯೆ ಮಧ್ಯೆ ಜಗಳ ಬಿಡಿಸುವುದು. "ಅವಳು ನನ್ನ ಕಡೆ ನೋಡ್ತಿದ್ದಾಳೆ" ಎಂಬುದು ಮರಿಯ ಖಾಯಂ ದೂರು. "ನೋಡೋಕೇ ಕನ್ನಡಕ ಕೊಡ್ಸಿರೋದು" ಎಂಬುದು ಅಕ್ಕನ ಉತ್ತರ.

ಹದಿನಾಲ್ಕು ವರ್ಷ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಕೂತು ಕೆಲಸ ಮಾಡಿದವಳು ಆಕೆ. ಕೆಲಸ ಮುಗಿಸಿ ಒಂಟಿ ಕೋಣೆಗೆ ಹೋದರೆ ಮಾತಿಗೆ ರೇಡಿಯೋ ಒಂದೇ. ಈಗ ಕಡ್ಡಿಗೆ ಸ್ಕ್ರೂ ಹಾಕುವಾಗ ಬೆನ್ನ ಹಿಂದೆ ಯಾರೋ ಗಾಡಿ ಓಡಿಸುವ ಸದ್ದು ಮಾಡುತ್ತಿದ್ದರೆ, ಯಾರೋ ಗಟ್ಟಿಯಾಗಿ ಓದುತ್ತಿದ್ದರೆ, ಆಕೆಗೆ ಎಷ್ಟೋ ಸಲ ಕೈ ನಿಂತು ಹೋಗುತ್ತಿತ್ತು. ಈ ಗದ್ದಲ ನನ್ನ ಪಾಲಿಗೆ ಬಂತಲ್ಲ ಎಂದು. ಇದನ್ನು ಆಕೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಎಲ್ಲಿ ದೃಷ್ಟಿಯಾಗುತ್ತದೋ ಎಂಬ ಹೆದರಿಕೆ ಒಳಗೊಳಗೆ ಇತ್ತು.

ಟೀಚರಮ್ಮನಿಗೆ ಶಾಲೆಯವರು ರಜೆಗೊಂದು ಪ್ರಯೋಗ ಕೊಟ್ಟಿದ್ದರು. ಒದ್ದೆ ಹತ್ತಿಯ ಮೇಲೆ ಒಣ ಬಟಾಣಿ ಕಾಳಿಟ್ಟು, ದಿನವೂ ಏನಾಯಿತೆಂದು ಬರೆಯಬೇಕು. ಅವಳು ಒಂದು ತಟ್ಟೆಯಲ್ಲಿ ಹತ್ತಿ ಹಾಸಿ ಐದು ಕಾಳಿಟ್ಟಳು. ಮರಿ ಬಂದು ಗಲ್ಲಕ್ಕೆ ಕೈಕೊಟ್ಟು ಕೂತ.

"ನಂಗೂ ಒಂದು ಕಾಳು ಕೊಡೇ."

"ನಿಂಗೆ ಗೊತ್ತಾಗಲ್ಲ. ಅದಕ್ಕೆ ಒದ್ದೆ ಬೇಕು, ಕತ್ತಲೆ ಬೇಕು, ಬೆಚ್ಚಗಿರಬೇಕು. ಮೂರೂ ಇದ್ರೆ ಮಾತ್ರ ಮೊಳಕೆ ಬರೋದು. ಹೇಳು, ಏನೇನು ಬೇಕು?"

"ಒದ್ದೆ, ಕತ್ತಲೆ, ಬೆಚ್ಚಗೆ" ಎಂದು ಮರಿ ಒಪ್ಪಿಸಿದ.

ಟೀಚರಮ್ಮನಿಗೆ ಅಷ್ಟು ಚೆನ್ನಾಗಿ ಪಾಠ ಕಲಿತ ಶಿಷ್ಯ ಅದುವರೆಗೆ ಸಿಕ್ಕಿರಲಿಲ್ಲ.

ಮೂರನೆಯ ದಿನ. ಮರಿಗೆ ಟಬ್ಬಿನ ನೀರಿನಲ್ಲಿ ಆಡಿ ಆಡಿ ನೆಗಡಿಯಾಗಿತ್ತು. ಮೂಗು ಸೋರುತ್ತಿತ್ತು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಆಕೆ ಒಬ್ಬ ಮುದುಕರ ದಪ್ಪ ಗಾಜಿನ ಕನ್ನಡಕಕ್ಕೆ ಕಡ್ಡಿ ಕೂರಿಸುತ್ತಿದ್ದಳು. ಇದ್ದಕ್ಕಿದ್ದಂತೆ ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಮನೆ ಸದ್ದಿಲ್ಲದೆ ಇತ್ತು. ಮರಿ ಸುಮ್ಮನಿದ್ದಾನೆ ಎಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ತಿರುಗಿ ನೋಡಿದರೆ ಅವನು ಗೋಡೆಗೆ ಒರಗಿ, ಕತ್ತು ಮೇಲೆತ್ತಿ, ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಅಲುಗಾಡದೆ ಕೂತಿದ್ದ.

"ಏನು ಮಾಡ್ತಿದ್ದೀಯ ಮರೀ?"

"ಕಾಯ್ತಾ ಇದ್ದೀನಿ."

"ಯಾರಿಗೆ?"

"ಮೊಳಕೆಗೆ."

ಆಕೆಗೆ ಅರ್ಥವಾಗಲಿಲ್ಲ. ಟೀಚರಮ್ಮನಿಗೆ ಆಯಿತು. ಅವಳು ಓದುತ್ತಿದ್ದ ಪುಸ್ತಕ ಬಿಸಾಡಿ ಎದ್ದು ತಟ್ಟೆಯ ಹತ್ತಿರ ಓಡಿದಳು, ಎಣಿಸಿದಳು. "ನಾಲ್ಕೇ ಇದೆ! ಆಂಟೀ, ನಾಲ್ಕೇ ಇದೆ! ಮೂಗಿಗೆ ಹಾಕ್ಕೊಂಡಿದ್ದಾನೆ!"

"ಒದ್ದೆ ಇದೆ, ಕತ್ತಲೆ ಇದೆ, ಬೆಚ್ಚಗೂ ಇದೆ" ಎಂದ ಮರಿ, ಮೂಗು ಕಟ್ಟಿದ ದನಿಯಲ್ಲಿ, ಬಹಳ ಹೆಮ್ಮೆಯಿಂದ.

ಆಕೆ ಟಾರ್ಚು ತಂದು ಬಿಟ್ಟು ನೋಡಿದರೆ ಬಲಗಡೆ ಹೊಳ್ಳೆಯಲ್ಲಿ, ಸಾಕಷ್ಟು ಮೇಲೆ, ನೀರು ಕುಡಿದು ಉಬ್ಬಿದ ಕಾಳಿನ ಬೆನ್ನು ಮಿನುಗುತ್ತಿತ್ತು. ಸೀನು ಎಂದಳು. ಮರಿ "ಆಕ್ಷಿ" ಎಂದು ಬಾಯಲ್ಲಿ ಹೇಳಿದ. ಮೂಗು ಸೀಟು ಎಂದಳು. ಅವನು ಒಳಗೆ ಎಳೆದುಕೊಂಡ. ಕಾಳು ಇನ್ನೂ ಸ್ವಲ್ಪ ಮೇಲೆ ಹೋಯಿತು. ಆಕೆಯ ಕೈ ತಾನಾಗಿಯೇ ಮೇಜಿನ ಮೇಲಿದ್ದ ಚಿಮಟದತ್ತ ಹೋಯಿತು. ಕಣ್ಣಿಗೆ ಕಾಣದ ಸ್ಕ್ರೂಗಳನ್ನು ಎತ್ತಿದ ಕೈ, ಒಂದು ಬಟಾಣಿ ಎಷ್ಟರದು? ಅವನ ಗಲ್ಲ ಹಿಡಿದು ಚಿಮಟವನ್ನು ಮೂಗಿನ ಹತ್ತಿರ ತಂದಳು.

"ಬೇಡ! ಹಾಕ್ಬೇಡ ಅದನ್ನ!" ಟೀಚರಮ್ಮ ಆಕೆಯ ಮಣಿಕಟ್ಟು ಹಿಡಿದು ಜೋತುಬಿದ್ದಳು. "ಜಾರಿ ಒಳಗೆ ಹೋಗುತ್ತೆ. ಬಾಟ್ಲಿಲಿ ರಬ್ಬರ್ ಸಿಕ್ಕಾಕ್ಕೊಂಡಾಗ ನಾನು ಹಾಗೇ ಮಾಡಿದ್ದೆ, ಪೂರ್ತಿ ಒಳಗೆ ಹೋಯ್ತು. ಬಾ, ಡಾಕ್ಟ್ರ ಹತ್ರ ಹೋಗೋಣ. ಬಾ!"

ಆಕೆ ಚಿಮಟ ಕೆಳಗಿಟ್ಟಳು.  

ಗಂಡನಿಗೆ ಫೋನು ಮಾಡಿದಳು, ತಾಗಲಿಲ್ಲ. ಲಿಫ್ಟಿನ ಕೆಳಗಿನ ಹೊಂಡಕ್ಕೆ ಇಳಿದರೆ ಅವನ ಫೋನು ಸತ್ತ ಹಾಗೆಯೇ. ಕಾಯುವಂತಿರಲಿಲ್ಲ. ಮರಿಯನ್ನು ಸೊಂಟಕ್ಕೆ ಹಾಕಿಕೊಂಡು, ಸಿಕ್ಕ ಚಪ್ಪಲಿ ಮೆಟ್ಟಿ, ಬಾಗಿಲಿಗೆ ಬೀಗ ಹಾಕಿ ಬೀದಿಗಿಳಿದಳು. ಕ್ಲಿನಿಕ್ಕು ಎರಡು ಬೀದಿ ಆಚೆ. ನಡುಮಧ್ಯಾಹ್ನದ ಬಿಸಿಲಲ್ಲಿ ಒಂದು ನಾಯಿಯೂ ಓಡಾಡುತ್ತಿರಲಿಲ್ಲ. ಟೀಚರಮ್ಮ ಕೊಡೆ ಬಿಚ್ಚಿಕೊಂಡು ಪಕ್ಕದಲ್ಲೇ ಓಡುತ್ತ, ತಾನು ಬಿಸಿಲಲ್ಲಿದ್ದು ತಮ್ಮನ ತಲೆಯ ಮೇಲೆ ನೆರಳು ಹಿಡಿದಿದ್ದಳು. ಕೊಡೆಯ ಕಡ್ಡಿ ಆಕೆಯ ಕಿವಿಗೆ ಎರಡು ಸಲ ಚುಚ್ಚಿತು. ಆಕೆಗೆ ಅದರ ಪರಿವೆಯಿರಲಿಲ್ಲ.

"ಬಾಯಲ್ಲಿ ಉಸಿರಾಡು ಮರೀ. ಮೂಗಲ್ಲಿ ಎಳೀಬೇಡ. ಬಾಯಲ್ಲಿ."

"ಆಂಟಿ," ಎಂದ ಮರಿ ಎದೆಗೆ ಕಿವಿಯಿಟ್ಟು, "ನಿನ್ನೊಳಗೆ ಯಾರೋ ಡಬಡಬ ಬಾಗಿಲು ತಟ್ತಿದ್ದಾರೆ."

ಕ್ಲಿನಿಕ್ಕಿನಲ್ಲಿ ಪುಣ್ಯಕ್ಕೆ ಬೇರೆ ಯಾರೂ ಇರಲಿಲ್ಲ. ಡಾಕ್ಟರಮ್ಮ ವಯಸ್ಸಾದವರು, ಊಟದ ಡಬ್ಬಿ ಆಗಷ್ಟೇ ಬಿಚ್ಚಿದ್ದರು. ಮುಚ್ಚಿ ಪಕ್ಕಕ್ಕಿಟ್ಟು ಕೈ ತೊಳೆದುಕೊಂಡು ಬಂದರು. ಅವರ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಮರಿಯ ಮೂಗು ನೋಡಲು ಬಗ್ಗಿದಾಗಲೆಲ್ಲ ಅದನ್ನು ಬೆರಳಿಂದ ಮೇಲೆ ತಳ್ಳಿಕೊಳ್ಳುತ್ತಿದ್ದರು.

"ಏನಿಟ್ಟಿದ್ದೀಯಪ್ಪಾ ಒಳಗೆ?"

"ಬಟಾಣಿ. ಬೆಳೆಸ್ತಿದ್ದೀನಿ."

"ಭೇಷ್. ಬೇಸಾಯಗಾರ." ಡಾಕ್ಟರಮ್ಮ ಆಕೆಯ ಕಡೆ ತಿರುಗಿದರು. "ಮನೇಲಿ ಚಿಮಟ ಗಿಮಟ ಹಾಕೋಕೆ ಹೋಗಿಲ್ಲ ತಾನೆ?"

"ಹಾಕೋಕೆ ಹೋಗಿದ್ದೆ. ಇವಳು ತಡೆದ್ಳು."

"ಒಳ್ಳೇದು ಮಾಡಿದ್ಳು. ಎಷ್ಟೋ ಜನ ತಳ್ಳಿಕೊಂಡೇ ಬರ್ತಾರೆ. ಕಾಳು ಗುಂಡಗಿರುತ್ತೆ, ನುಣ್ಣಗಿರುತ್ತೆ. ಹಿಂದಕ್ಕೆ ಜಾರಿ ಉಸಿರಿನ ದಾರಿಗೆ ಬಿದ್ರೆ ಕಷ್ಟ." ಟೀಚರಮ್ಮನ ತಲೆಯ ಮೇಲೊಮ್ಮೆ ಕೈಯಿಟ್ಟರು. "ಈಗ ಒಂದು ಉಪಾಯ ಇದೆ. ನೋವಾಗಲ್ಲ. ಇವನ ಬಾಯಿಗೆ ಬಾಯಿಟ್ಟು ಒಂದೇ ಸಲ ಫೂ ಅಂತ ಊದಬೇಕು. ಖಾಲಿ ಇರೋ ಹೊಳ್ಳೆ ನಾನು ಒತ್ತಿ ಹಿಡಿದಿರ್ತೀನಿ. ಗಾಳಿ ಹಿಂದಿನಿಂದ ಬಂದು ಕಾಳನ್ನ ಹೊರಗೆ ತಳ್ಳುತ್ತೆ. ಇದನ್ನ ಹತ್ತಿರದೋರೇ ಮಾಡ್ಬೇಕು, ಬೇರೆಯೋರಿಗೆ ಮಕ್ಕಳು ಬಾಯಿ ತೆಗೆಯಲ್ಲ. ಇವನ ತಾಯಿ ನೀವೇ ತಾನೆ?"

ಆಕೆ ಟೀಚರಮ್ಮನ ಕಡೆ ನೋಡಿದಳು. ಹೌದೆಂದರೆ ಪಕ್ಕದಲ್ಲಿ ನಿಂತ ಹುಡುಗಿಗೆ ಎಲ್ಲಿ ನೋವಾಗುತ್ತದೋ, ಇಲ್ಲವೆಂದರೆ ಡಾಕ್ಟರು ಬೇರೆ ಯಾರನ್ನು ಕರೆತರಲು ಹೇಳುತ್ತಾರೋ.

"ಇವರು ನಮ್ಮಪ್ಪನ ಹೆಂಡ್ತಿ" ಎಂದಳು ಟೀಚರಮ್ಮ, ಇದ್ದದ್ದನ್ನು ಇದ್ದ ಹಾಗೆ.

"ಸರಿ. ಊದೋಕೆ ಅಷ್ಟು ಸಾಕು" ಎಂದರು ಡಾಕ್ಟರಮ್ಮ.

ಆದರೆ ಮರಿ ಒಪ್ಪಬೇಕಲ್ಲ. ಟ್ರೇಯಲ್ಲಿದ್ದ ಉಕ್ಕಿನ ಸಾಮಾನುಗಳನ್ನು ನೋಡಿದ್ದೇ ಅವನಿಗೆ ಅದುವರೆಗಿನ ಹೆಮ್ಮೆಯೆಲ್ಲ ಇಳಿದುಹೋಗಿ ಅಳು ಬಂದಿತ್ತು. ಹಲ್ಲು ಕಚ್ಚಿ, ತುಟಿ ಬಿಗಿದು, ಮುಖವನ್ನು ಆಕೆಯ ಭುಜದಲ್ಲಿ ಹುದುಗಿಸಿಬಿಟ್ಟ. ಆಕೆ ಪುಸಲಾಯಿಸಿದಳು, ಡಾಕ್ಟರಮ್ಮ ಮಿಠಾಯಿ ತೋರಿಸಿದರು. ಬಾಯಿ ತೆರೆಯಲಿಲ್ಲ. ಅಳುತ್ತ ಮೂಗೆಳೆದರೆ ಅಪಾಯ ಬೇರೆ.

"ಇದು ಆಗ್ಲಿಲ್ಲ ಅಂದ್ರೆ ದೊಡ್ಡ ಆಸ್ಪತ್ರೆಗೆ ಬರೆದುಕೊಡ್ತೀನಿ. ಅಲ್ಲಿ ಮಂಪರು ಕೊಟ್ಟು ತೆಗೀತಾರೆ" ಎಂದರು ಡಾಕ್ಟರಮ್ಮ ಮೆಲ್ಲಗೆ.

ಆಸ್ಪತ್ರೆ ಎಂಬ ಮಾತಿಗೆ ಟೀಚರಮ್ಮನ ಮುಖ ಬಿಳಿಚಿತು. ಅವಳು ಮಂಚದ ಕಾಲನ್ನು ಚಪ್ಪಲಿಯ ತುದಿಯಿಂದ ಒದೆಯುತ್ತ, ಯಾರನ್ನೂ ನೋಡದೆ ಹೇಳಿದಳು: "ಪುಗ್ಗೆ ಆಟ ಅಂತ ಹೇಳು. ತೆಗೀತಾನೆ."

"ಏನು ಆಟ?"

"ಪುಗ್ಗೆ ಆಟ, ಬಲೂನಿಂದು. ನಮ್ಮಮ್ಮ ಆಡಿಸ್ತಿದ್ಳು, ನಂಗೆ, ಆಮೇಲೆ ಅವನಿಗೆ. ಅವನಿಗೆ ನೆನಪಿರಲ್ಲ, ಚಿಕ್ಕೋನು. ನಂಗಿದೆ." ಮೂಗಿಗೆ ಜಾರಿದ ಕನ್ನಡಕವನ್ನು ಮೇಲೆ ತಳ್ಳಿಕೊಂಡಳು. "ಮೊದ್ಲು ಕೆನ್ನೆ ಹಿಚುಕಿ ನೋಡ್ಬೇಕು. 'ಅಯ್ಯೋ, ಈ ಪುಗ್ಗೆಲಿ ಗಾಳೀನೇ ಇಲ್ವಲ್ಲ, ಯಾರಿಗೆ ಮಾರೋದು ಇದನ್ನ' ಅನ್ಬೇಕು. ಆಮೇಲೆ ಬಾಯಿಗೆ ಬಾಯಿಟ್ಟು ಗಾಳಿ ಹಾಕೋದು. ಕೆನ್ನೆ ಉಬ್ಬುತ್ತೆ. ಆಮೇಲೆ ಕೆನ್ನೆ ತಟ್ಟಿ ಪುರ್ರ್ ಅನ್ನಿಸ್ಬೇಕು. ಅಷ್ಟೇ."

ಹೇಳಿ ಮುಗಿಸಿ ತುಟಿ ಕಚ್ಚಿಕೊಂಡಳು. ಎಷ್ಟೋ ದಿನದಿಂದ ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡದ್ದನ್ನು ಬಿಟ್ಟುಕೊಟ್ಟವರ ಮುಖ ಅದು. ಆಕೆಗೆ ಅದು ಕಾಣಿಸಿತು. 

ಆಕೆ ಮರಿಯ ಕಣ್ಣೊರೆಸಿ ಎರಡು ಬೆರಳಲ್ಲಿ ಕೆನ್ನೆ ಹಿಚುಕಿದಳು. "ಅಯ್ಯಯ್ಯೋ, ಇದೇನಿದು? ಈ ಪುಗ್ಗೆಲಿ ಗಾಳೀನೇ ಇಲ್ವಲ್ಲ! ಯಾರಿಗೆ ಮಾರ್ಲಿ ಇದನ್ನ? ಡಾಕ್ಟ್ರೇ, ನಿಮಗೆ ಬೇಕಾ?"

"ಗಾಳಿ ಇಲ್ದಿರೋ ಪುಗ್ಗೆ ನಂಗ್ಯಾಕಮ್ಮ? ಬೇಡಪ್ಪಾ ಬೇಡ" ಎಂದರು ಡಾಕ್ಟರಮ್ಮ, ನಾಟಕದ ಕಂಪನಿಯವರ ಹಾಗೆ.

ಮರಿ ಒಂದು ಕಣ್ಣು ತೆರೆದು ನೋಡಿದ. ಅವನಿಗೆ ನಿಜವಾಗಿ ನೆನಪಿತ್ತೋ ಇಲ್ಲವೋ ಯಾರು ಹೇಳಬೇಕು. ಆದರೆ ಬಿಗಿದ ತುಟಿ ಸಡಿಲವಾಯಿತು. "ಹಾಕು ಗಾಳಿ" ಎಂದು ಬಾಯಿ ತೆರೆದ.

ಮೊದಲ ಸಲ ಕೆನ್ನೆ ಮಾತ್ರ ಉಬ್ಬಿ, ಅವನು ಪುರ್ರೆಂದು ಉಗುಳು ಸಿಡಿಸಿ ನಕ್ಕ. ಎರಡನೆಯ ಸಲ ಸಿಂಬಳ ಬಂತು, ಕಾಳು ಬರಲಿಲ್ಲ. "ತುಟಿ ಸರಿಯಾಗಿ ಮುಚ್ಕೊಳ್ಳಲಿ. ಒಂದೇ ಏಟಿಗೆ, ಜೋರಾಗಿ" ಎಂದು ಡಾಕ್ಟರಮ್ಮ ಎಡಗಡೆ ಹೊಳ್ಳೆ ಒತ್ತಿ ಹಿಡಿದು ಬಗ್ಗಿದರು. ಆಕೆ ಕಣ್ಣು ಮುಚ್ಚಿ, ಅವನ ಬಾಯನ್ನು ತನ್ನ ಬಾಯಿಂದ ಪೂರ್ತಿ ಮುಚ್ಚಿ, ತನ್ನೊಳಗಿದ್ದ ಉಸಿರನ್ನೆಲ್ಲ ಒಂದೇ ಸಲಕ್ಕೆ ಊದಿದಳು.

ಟಪ್ಪೆಂದು ಸದ್ದಾಯಿತು. ಬಟಾಣಿ ಹಾರಿಹೋಗಿ ಡಾಕ್ಟರಮ್ಮನ ಕನ್ನಡಕದ ಗಾಜಿಗೆ ಬಡಿದು, ಅಲ್ಲೇ ಅಂಟಿಕೊಂಡಿತು.

 ಮೊದಲು ಮಾತಾಡಿದವನು ಮರಿ. "ಮೊಳಕೆ ಬಂದಿದ್ಯಾ?"

ಟೀಚರಮ್ಮ ನಗಲು ಶುರುಮಾಡಿದವಳು ನಗುನಗುತ್ತಲೇ ಅಳತೊಡಗಿದಳು. ಆಕೆ ಒಂದು ಕೈಯಲ್ಲಿ ಮರಿಯನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಅವಳನ್ನು ಎಳೆದುಕೊಂಡಳು. ಹುಡುಗಿ ಬಂದು ಆಕೆಯ ಪಕ್ಕೆಗೆ ಮುಖವಿಟ್ಟಳು, ಕನ್ನಡಕ ಸಮೇತ.

ಡಾಕ್ಟರಮ್ಮ ಮರಿಯ ಇನ್ನೊಂದು ಹೊಳ್ಳೆ, ಎರಡು ಕಿವಿ ಎಲ್ಲವನ್ನೂ ಟಾರ್ಚು ಬಿಟ್ಟು ನೋಡಿ, "ಬೇರೆ ಕಡೆ ಏನೂ ಬಿತ್ತನೆ ಮಾಡಿಲ್ಲ" ಎಂದರು. ಹೆದರುವಂಥದ್ದು ಏನೂ ಇಲ್ಲ, ರಕ್ತ ಗಿಕ್ತ ಬಂದರೆ ಮಾತ್ರ ಮತ್ತೆ ಕರೆತನ್ನಿ ಎಂದರು. ಆಕೆಗೆ ಹೇಗೆ ಉಪಕಾರ ಹೇಳಬೇಕೋ ತಿಳಿಯಲಿಲ್ಲ.  ಸುಮ್ಮನೆ ಕೈ ಚಾಚಿ ಅವರ ಕನ್ನಡಕ ಇಸಿದುಕೊಂಡಳು. ಬಟಾಣಿ ತೆಗೆದು, ಸೆರಗಿನಿಂದ ಗಾಜು ಒರೆಸಿ, ಪರ್ಸಿನಲ್ಲಿ ಯಾವಾಗಲೂ ಇರುತ್ತಿದ್ದ ಪುಟ್ಟ ಸ್ಕ್ರೂಡ್ರೈವರಿನಿಂದ ಎರಡು ಕಡ್ಡಿಯನ್ನೂ ಬಿಗಿ ಮಾಡಿ, ಮೂಗಿನ ಮೇಲೆ ಕೂರುವ ಜಾಗವನ್ನು ಬೆರಳಿಂದ ಚೂರು ಒಳಗೆ ಬಗ್ಗಿಸಿ, ತಾನೇ ಅವರ ಕಿವಿಗೆ ತೊಡಿಸಿದಳು. ಡಾಕ್ಟರಮ್ಮ ತಲೆಯನ್ನು ಮೇಲೆ ಕೆಳಗೆ ಆಡಿಸಿ ನೋಡಿದರು. ಕನ್ನಡಕ ಜಾರಲಿಲ್ಲ.

"ಒಂದು ವರ್ಷದಿಂದ ಇದನ್ನ ತಳ್ಳಿಕೊಂಡೇ ಇದ್ದೆ ನೋಡಿ" ಎಂದರು ಅವರು. "ಹೋಗಿ ಬನ್ನಿ. ನನ್ನ ಊಟ ತಣ್ಣಗಾಯ್ತು. ಈ ಸೆಖೆಗೆ ಅದೂ ಒಳ್ಳೇದೇ."

ವಾಪಸು ಬರುವಾಗ ಯಾರೂ ಓಡಲಿಲ್ಲ. ದಾರಿಯಲ್ಲಿ ಒಂದು ಕಲ್ಲಂಗಡಿ ಹಣ್ಣು ಕೊಂಡರು. ಅದನ್ನು ಆಕೆ ಹೊತ್ತಳು, ಮರಿ ನಡೆದ, ಕೊಡೆಯ ನೆರಳಿಗೆ ಮೂವರೂ ಅಂಟಿಕೊಂಡು ಬಂದರು. ಆಗ ನೋಡಿಕೊಂಡರೆ ಆಕೆಯ ಕಾಲಲ್ಲಿ ಒಂದು ತನ್ನ ಚಪ್ಪಲಿ, ಒಂದು ಗಂಡನದು.

ಸಂಜೆ ಅವನು ಮನೆಗೆ ಬಂದಾಗ ಕಥೆ ಕೇಳಿಸಲು ಮೂವರೂ ಒಟ್ಟಿಗೆ ಬಾಯಿ ತೆರೆದರು. ಮರಿ ಬಟಾಣಿಯ ಪಾತ್ರವನ್ನೂ ತಾನೇ ಮಾಡಿ ತೋರಿಸಿದ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಪುಗ್ಗೆ ಆಟದ ಮಾತು ಬಂದಾಗ ಮಾತ್ರ ನಗು ನಿಂತಿತು. ಕೈಯಲ್ಲಿದ್ದ ಲೋಟ ಕೆಳಗಿಟ್ಟ. "ನಾನು ಮರೆತೇಬಿಟ್ಟಿದ್ದೆ" ಎಂದ. "ಅಡುಗೆಮನೇಲಿ ನಿಂತ್ಕೊಂಡು ಆಡಿಸೋಳು. ಪೂರ್ತಿ ಮರೆತೇಬಿಟ್ಟಿದ್ದೆ." ಆಮೇಲೆ ಮಗಳನ್ನು ಹತ್ತಿರ ಕರೆದು ತಲೆ ಸವರಿದ. ಆಕೆ ಎದ್ದು ಒಣಗಿದ ಬಟ್ಟೆ ತೆಗೆಯಲು ಹಿಂದಿನ ಅಂಗಳಕ್ಕೆ ಹೋದಳು. ಅಪ್ಪ ಮಗಳಿಗೆ ಆ ಹೊತ್ತು ಅವರದೇ ಆಗಿರಲಿ ಎಂದು.

ಅಂಗಳದಲ್ಲಿ ಇನ್ನೂ ಬೆಳಕಿತ್ತು. ಬಣ್ಣದ ಟವೆಲುಗಳು ನೆರಳಿನ ಕಡೆ ಹಗ್ಗದಲ್ಲಿ, ಒಂದೂ ಬಿಳಿಚಿಕೊಳ್ಳದೆ ತೂಗುತ್ತಿದ್ದವು. ಆಕೆ ಒಂದೊಂದಾಗಿ ಮಡಚುತ್ತ, ತಾನು ಎಂದೂ ನೋಡಿರದ ಆ ಹೆಂಗಸನ್ನು ನೆನೆದಳು. ಅದುವರೆಗೆ ಆಕೆಗೆ ಅವಳೆಂದರೆ ಒಂದು ಬಗೆಯ ಅಳುಕು, ಪರೀಕ್ಷೆ ಬರೆದು ಮೊದಲ ಸ್ಥಾನ ತೆಗೆದುಕೊಂಡು ಹೋದವರ ಬಗ್ಗೆ ಇರುವಂಥದ್ದು. ಈಗ ಅನ್ನಿಸಿದ್ದೇ ಬೇರೆ. ಮಕ್ಕಳನ್ನು ನಗಿಸಲು ಒಲೆಯ ಮುಂದೆ ನಿಂತು ಕೆನ್ನೆ ಉಬ್ಬಿಸಿದವಳು, ಸೆಖೆಗೆ ಪರದೆ ಒದ್ದೆ ಮಾಡಿದವಳು. ಹುಡುಗಿ ದಿನಕ್ಕೆ ಹತ್ತು ಸಲ ಹೇಳಿದ್ದು ದೂರಲ್ಲ. ಅಮ್ಮ ಬಿಟ್ಟುಹೋದದ್ದನ್ನು ಒಂದೂ ಕಳೆಯದ ಹಾಗೆ ಜೋಪಾನ ಮಾಡಿ, ಬಂದವಳ ಕೈಗೆ ಒಂದೊಂದಾಗಿ ಒಪ್ಪಿಸಿದ್ದು.

"ಒಳ್ಳೆ ಮಕ್ಕಳನ್ನ ಬೆಳೆಸಿದ್ದೀಯ ಕಣೇ" ಎಂದಳು ಆಕೆ, ಟವೆಲಿಗೆ ಹೇಳಿದ ಹಾಗೆ, ಮೆಲ್ಲಗೆ. "ನಿನ್ನ ಉಪಕಾರ ದೊಡ್ಡದು."

ಹಿಂದೆ ಚಪ್ಪಲಿಯ ಸದ್ದಾಯಿತು. ಟೀಚರಮ್ಮ ಬಂದು ಬುಟ್ಟಿ ಹಿಡಿದು ನಿಂತಳು. ಆಕೆ ಟವೆಲು ಹಾಕುತ್ತ ಹೇಳಿದಳು: "ಇವತ್ತು ನೀನಿಲ್ದಿದ್ರೆ ನಂಗೆ ಕೈಕಾಲೇ ಆಡ್ತಿರ್ಲಿಲ್ಲ. ಅಮ್ಮನ ಆಟ ನಂಗೆ ಕೊಟ್ಟೆಯಲ್ಲ, ಅದಕ್ಕೆ..."

"ಕೊಟ್ಟಿಲ್ಲ" ಎಂದಳು ಹುಡುಗಿ ತಟ್ಟನೆ. ಆಮೇಲೆ ಸ್ವಲ್ಪ ಯೋಚಿಸಿ, "ಹೇಳಿಕೊಟ್ಟೆ ಅಷ್ಟೆ. ಹೇಳಿಕೊಟ್ರೆ ನನ್ನ ಹತ್ರಾನೂ ಇರುತ್ತೆ" ಎಂದಳು.

"ಹೌದು. ಹೇಳಿಕೊಟ್ಟೆ" ಎಂದು ಆಕೆ ತಿದ್ದಿಕೊಂಡಳು.

ಬಟಾಣಿಯ ಗಡಿಬಿಡಿಯಲ್ಲಿ "ಬಾ", "ಹೇಳು" ಎಂದಿದ್ದವಳು ಮರುದಿನ ಬೆಳಗ್ಗೆ ಮತ್ತೆ "ಹಾಲು ಉಕ್ತಿದೆ ನೋಡಿ" ಎಂದಳು. ಆಕೆಗೆ ಬೇಸರವಾಗಲಿಲ್ಲ. ವಾರದಲ್ಲಿ ಒಂದು ದಿನ "ನೀವು", ಒಂದು ದಿನ "ನೀನು", ಸಿಟ್ಟು ಬಂದಾಗ ಖಂಡಿತ "ನೀನು" ಎಂಬಲ್ಲಿಗೆ ಬಂದು ನಿಂತಿತು. ಜಗಳವಾಡುವಷ್ಟು ಹತ್ತಿರವಾದಳಲ್ಲ ಎಂದು ಆಕೆ ಒಳಗೇ ಹಿಗ್ಗಿದಳು. ಮೇಜಿನ ಕಾನೂನಿನ ಪಕ್ಕ ಇನ್ನೊಂದು ಕಾನೂನು ಸೇರಿತು: ಮೂಗಿಗೆ, ಕಿವಿಗೆ ಏನನ್ನೂ ಹಾಕಕೂಡದು. ಮರಿ ಅದನ್ನು ಒಪ್ಪಿಕೊಂಡ, ಹೊಕ್ಕುಳದ ವಿಷಯ ಯಾರೂ ಹೇಳಿಲ್ಲವಲ್ಲ ಎಂಬುದನ್ನು ಗಮನಕ್ಕೆ ತಂದ. ಹೊಕ್ಕುಳವನ್ನೂ ಸೇರಿಸಿದರು.

ರಜೆ ಇನ್ನೂ ಮೂರು ವಾರ ಉಳಿದಿತ್ತು. ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತು. ಆ ಬೇಗೆಯಲ್ಲಿ ಕೆಲಸ ಸಾಗದೆ ಆಕೆ ನೆಲ ಒರೆಸಿ, ತಣ್ಣಗಿದ್ದ ಗಾರೆಯ ಮೇಲೆ ಹಾಗೇ ಮಲಗಿದಳು. ಮರಿ ಬಂದು ಆಕೆಯ ಹೊಟ್ಟೆಯ ಮೇಲೆ ಕಾಲು ಹಾಕಿದ. ಸ್ವಲ್ಪ ಹೊತ್ತಿಗೆ ಟೀಚರಮ್ಮ ಈಚೆ ಬದಿ ಬಂದು, ಕನ್ನಡಕ ತೆಗೆದು ತಲೆಯ ಹತ್ತಿರ ಇಟ್ಟುಕೊಂಡು ಮಲಗಿದಳು. ಮೇಲೆ ಚಾವಣಿ ನೋಡುತ್ತ ಕೇಳಿದಳು:

"ಆಂಟಿ, ನೀವು ಚಿಕ್ಕೋರಿದ್ದಾಗ ನಿಮ್ಮಮ್ಮ ಯಾವ ಆಟ ಆಡಿಸ್ತಿದ್ರು?"

 ಎಷ್ಟೋ ವರ್ಷದಿಂದ ಯಾರೂ ಆಕೆಯನ್ನು ಇಂಥದ್ದು ಕೇಳಿರಲಿಲ್ಲ. ಆಕೆಯ ಅಮ್ಮ ಬಟ್ಟೆ ಇಸ್ತ್ರಿ ಮಾಡಿ ಸಂಸಾರ ನಡೆಸಿದವಳು. ಬೇಸಿಗೆಯಲ್ಲಿ ಕೆಂಡದ ಪೆಟ್ಟಿಗೆಯ ಮುಂದೆ ನಿಂತು ನಿಂತು ಮಧ್ಯಾಹ್ನಕ್ಕೆ ಹೀಗೇ ನೆಲಕ್ಕೆ ಬೀಳುತ್ತಿದ್ದಳು. ಆಗ ಮಕ್ಕಳನ್ನು ಸುತ್ತ ಮಲಗಿಸಿಕೊಂಡು...

"ಒಂದಿತ್ತು" ಎಂದಳು ಆಕೆ ನಗುತ್ತ. "ಯಾರು ಮೊದಲು ಮಾತಾಡ್ತಾರೋ ಅವರು ಸೋತ ಹಾಗೆ. ನಾವು ಅದನ್ನ ಆಟ ಅಂದ್ಕೊಂಡಿದ್ವಿ. ಅಮ್ಮಂಗೆ ನಿದ್ದೆ ಬೇಕಾಗಿತ್ತು, ಅಷ್ಟೆ."

"ಆಡೋಣ" ಎಂದಳು ಟೀಚರಮ್ಮ.

"ನಾನೂ ಆಡ್ತೀನಿ. ಶುರುನಾ? ಈಗ ಮಾತಾಡಬಾರ್ದಾ? ಈಗಿಂದಾನಾ?" ಎಂದು ಮರಿ ಮೂರು ಸಲ ಸೋತ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಸುಮ್ಮನಾದ.

ಒದ್ದೆ ಪರದೆ ಕಿಟಕಿಯ ಸಂದಿಯ ಗಾಳಿಗೆ ಚೂರು ಉಬ್ಬಿ ಇಳಿಯಿತು. ಬೀದಿಯಲ್ಲಿ ಯಾವುದೋ ಸೈಕಲ್ಲು ಹೋಯಿತು. ಮರಿಯ ಕೈ ಬಾಯಿಂದ ಜಾರಿ ಆಕೆಯ ಕತ್ತಿನ ಮೇಲೆ ಬಿತ್ತು. ಇತ್ತ ಕಡೆ, ಪಾಠ ಹೇಳದೆ ಐದು ನಿಮಿಷವೂ ಇರಲಾರದ ಹುಡುಗಿ ಒಂದು ಮಾತಾಡಲಿಲ್ಲ. ನೋಡಿದರೆ ಬಾಯಿ ಅರೆ ತೆರೆದು, ಕನ್ನಡಕದ ಗುರುತು ಬಿದ್ದ ಮೂಗನ್ನು ಆಕೆಯ ತೋಳಿಗೆ ಒತ್ತಿ, ಆಗಲೇ ನಿದ್ದೆ ಹೋಗಿದ್ದಳು. ಮೇಜಿನ ಮೇಲೆ ಏಳು ಕನ್ನಡಕ ಬಾಕಿಯಿದ್ದವು. ಎರಡು ಕಡೆಯಿಂದಲೂ ಸಿಕ್ಕಿಬಿದ್ದಿದ್ದ ಆಕೆ ಅಲುಗಾಡಲಿಲ್ಲ. ಆಟವನ್ನು ಗೆದ್ದದ್ದು ಆಕೆಯೇ. ಆದರೆ ಯಾರಿಗಾದರೂ ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಎಚ್ಚರವಿದ್ದವರು ಒಬ್ಬರೂ ಇರಲಿಲ್ಲ.